ನಾಲ್ಕು ಫೋನು, ಎರಡು ಊರು

2025ರ ಫೆಬ್ರವರಿ 19ಕ್ಕೆ ಐಫೋನ್ 16ಇ ಬಂತು, ಮಾರ್ಚ್ ಶುರುವಲ್ಲೇ ಸ್ಯಾಮ್ಸಂಗ್ ಗ್ಯಾಲಕ್ಸಿ ಎ56, ಮಾರ್ಚ್ 4ಕ್ಕೆ ನಥಿಂಗ್ ಫೋನ್ 3ಎ, ಮಾರ್ಚ್ 19ಕ್ಕೆ ಗೂಗಲ್ ಪಿಕ್ಸೆಲ್ 9ಎ. ಒಂದು ತಿಂಗಳೊಳಗೆ ನಾಲ್ಕೂ. ನಾನು ಸಂಕ್ರಾಂತಿ ಹೊತ್ತಿಂದ್ಲೇ ಈ ನಾಲ್ಕರ ಬಗ್ಗೆ ಸಿಕ್ಕಿದ್ದೆಲ್ಲ ಓದ್ತಾ ಇದ್ದೆ, ಯಾಕಂದ್ರೆ ಆ ವರ್ಷ ಮನೇಲಿ ಎರಡು ಫೋನ್ ತಗೊಳ್ಳೋದಿತ್ತು, ಒಂದು ಬೆಂಗಳೂರಲ್ಲಿರೋ ನಂಗೆ, ಇನ್ನೊಂದು ತೀರ್ಥಹಳ್ಳಿ ತಾಲ್ಲೂಕಲ್ಲಿ ತೋಟದ ಮನೇಲಿರೋ ಅಪ್ಪಂಗೆ. ಇಬ್ಬರ ಹಳೇ ಫೋನಿಗೂ ಸೆಕ್ಯುರಿಟಿ ಅಪ್ಡೇಟ್ ನಿಂತೋಗಿತ್ತು, ಇಬ್ಬರೂ ಯುಪಿಐಲಿ ದುಡ್ಡು ಕಳ್ಸೋರು, ಹಾಗಾಗಿ ಇನ್ನೊಂದು ವರ್ಷ ಎಳೆಯೋದು ಬೇಡ ಅಂತ ಆಗಿತ್ತು. ಇಬ್ಬರಿಗೂ ಒಂದೇ ಪಟ್ಟಿ ಇಟ್ಕೊಂಡು ಕೂತೆ. ಆ ಪಟ್ಟಿ ಒಂದೇ ಆದ್ರೂ ಉತ್ತರ ಎರಡು ಬಂತು, ಅದ್ರಲ್ಲೂ ಒಂದು ಉತ್ತರ ಪಟ್ಟಿಯಿಂದ ಹೊರಗಡೆಯಿಂದ ಬಂತು, ಅದು ಹೇಗೆ ಅನ್ನೋದನ್ನ ಬರೀಬೇಕು ಅನ್ನಿಸ್ತಾ ಇತ್ತು, ಮಳೆಗಾಲ ಒಂದು ಕಳೀಲಿ ಅಂತ ಕಾದೆ.

ಇನ್ನೂ ಬರದೇ ಇರೋ ಫೋನಿನ ಸುದ್ದಿ ಹೇಗೆ ಹುಟ್ಟುತ್ತೆ ಅಂತ ನೋಡಿದ್ರೆ ಅದ್ರಿಂದ ಏನು ತಿಳಿಯುತ್ತೆ, ಏನು ತಿಳಿಯಲ್ಲ ಅನ್ನೋದು ತಾನಾಗೇ ಗೊತ್ತಾಗುತ್ತೆ. ನಮ್ಮಲ್ಲಿ ಮಾರೋ ಪ್ರತಿ ಫೋನೂ ಸರ್ಕಾರದ ಗುಣಮಟ್ಟ ಸಂಸ್ಥೆ ಬಿಐಎಸ್‌ಲಿ ನೋಂದಣಿ ಆಗ್ಬೇಕು, ಆ ಪಟ್ಟೀಲಿ ಒಂದು ಮಾಡೆಲ್ ನಂಬರ್ ಕಾಣಿಸ್ಕೊಂಡ ತಕ್ಷಣ "ಭಾರತಕ್ಕೆ ಬರ್ತಿದೆ" ಅಂತ ಸುದ್ದಿ. ಆಮೇಲೆ ಯಾರೋ ಫೋನಿನ ವೇಗ ಅಳೆಯೋ ಗೀಕ್‌ಬೆಂಚ್ ಓಡಿಸ್ತಾರೆ, ಚಿಪ್ ಯಾವ್ದು, ರ‍್ಯಾಮ್ ಎಷ್ಟು ಅಂತ ಗೊತ್ತಾಗುತ್ತೆ. ಕವರ್ ಮಾಡೋರ ಕೈಗೆ ಅಳತೆ ಸಿಕ್ಕಿ ಫೋನಿನ ಚಿತ್ರ ಹೊರಗೆ ಬರುತ್ತೆ. ಪಿಕ್ಸೆಲ್ 9ಎ ಹಿಂಭಾಗ ಚಪ್ಪಟೆ, ಕ್ಯಾಮೆರಾ ಉಬ್ಬೇ ಇಲ್ಲ ಅನ್ನೋದು ಹೀಗೇ ತಿಂಗಳುಗಳ ಮುಂಚೆ ಗೊತ್ತಾಗಿತ್ತು, ಸುಮಾರು ಜನಕ್ಕೆ ಅದು ಇಷ್ಟ ಆಗ್ಲಿಲ್ಲ, ನಂಗಂತೂ ಆ ಚಿತ್ರ ನೋಡಿದ್ ದಿನದಿಂದ್ಲೇ ಇಷ್ಟ, ಮೇಜಿನ ಮೇಲಿಟ್ಟು ಟೈಪ್ ಮಾಡುವಾಗ ಅಲ್ಲಾಡದೇ ಇರೋ ಫೋನ್ ಬಂದು ಎಷ್ಟು ಕಾಲ ಆಯ್ತು. ಐಫೋನ್ ವಿಷಯದಲ್ಲಿ ಹೆಸರೇ ಸರಿಯಾಗಿ ಗೊತ್ತಿರ್ಲಿಲ್ಲ, ಬಹಳ ಕಾಲ ಎಲ್ಲಾರೂ ಎಸ್ಇ 4 ಅಂತಾನೇ ಕರೀತಿದ್ರು, ಬಂದಿದ್ದು 16ಇ ಅನ್ನೋ ಹೆಸರಲ್ಲಿ.

ಚಿಪ್ಪು, ಮೆಗಾಪಿಕ್ಸೆಲ್ಲು, ಬ್ಯಾಟರಿಯ ಎಂಎಎಚ್ಚು, ಬಣ್ಣ ಇವಿಷ್ಟೂ ಹೀಗೆ ಮುಂಚೆನೇ ತಿಳಿಯುತ್ತೆ. ನಮ್ಮೂರಿನ ಟವರ್ ಜೊತೆ ಆ ಫೋನ್ ಕಾಲ್ ಮಾಡುತ್ತಾ, ಅಕ್ಷರ ದೊಡ್ಡದು ಮಾಡಿದ್ರೆ ಕನ್ನಡ ಸರಿ ಕಾಣುತ್ತಾ, ಕೆಟ್ರೆ ಎಲ್ಲಿಗೆ ತಗೊಂಡೋಗ್ಬೇಕು, ಇದ್ಯಾವ್ದೂ ಲೀಕ್ ಆಗಲ್ಲ, ಆಗೋಕೂ ಸಾಧ್ಯ ಇಲ್ಲ. ಘೋಷಣೆ ಆದ್ಮೇಲೂ ಕಾಯೋದು ಮುಗಿಯಲ್ಲ. ಪಿಕ್ಸೆಲ್ 9ಎ ಮಾರ್ಚ್ 19ಕ್ಕೆ ತೋರ್ಸಿದ್ರೂ ಯಾವುದೋ ಬಿಡಿಭಾಗದ ಗುಣಮಟ್ಟ ನೋಡ್ಬೇಕು ಅಂತ ಮಾರಾಟ ಏಪ್ರಿಲ್‌ಗೆ ಹೋಯ್ತು, ಇಲ್ಲಿ ಸಿಕ್ಕಿದ್ದು ಏಪ್ರಿಲ್ 16ಕ್ಕೆ. ಬಹಳ ಜನ ಬೈದ್ರು, ನಂಗೆ ಮಾತ್ರ ಅದು ಭರವಸೆ ಕೊಡೋ ವಿಷಯ ಅನ್ನಿಸ್ತು, ಮಾರಿದ್ಮೇಲೆ ವಾಪಸ್ ಕರೆಸೋದಕ್ಕಿಂತ ಮಾರೋಕೆ ಮುಂಚೆ ನಿಲ್ಲಿಸೋದು ವಾಸಿ ಅಲ್ವಾ.

ಬೆಲೆ ಅಂದ್ರೆ ಹೀಗಿತ್ತು. ನಥಿಂಗ್ 3ಎ 24,999 ರೂಪಾಯಿ, ಎ56 41,999, ಪಿಕ್ಸೆಲ್ 9ಎ 49,999, ಐಫೋನ್ 16ಇ 59,900. ಸುಮ್ನೆ ಈ ನಾಲ್ಕು ಸಂಖ್ಯೆ ಅಕ್ಕಪಕ್ಕ ಇಟ್ರೆ ನಥಿಂಗ್ ಎದುರು ಬಾಕಿಯೆಲ್ಲಾ ದುಬಾರಿ ಅನ್ಸುತ್ತೆ, ಆದ್ರೆ ನಾನು ಬೆಲೇನ ಅಪ್ಡೇಟ್ ಬರೋ ವರ್ಷಗಳಿಂದ ಭಾಗಿಸಿ ನೋಡ್ತೀನಿ. ಪಿಕ್ಸೆಲ್‌ಗೆ 7 ವರ್ಷ ಅಂದಿದ್ದಾರೆ, ಅಂದ್ರೆ ವರ್ಷಕ್ಕೆ 7,143 ರೂಪಾಯಿ ಆಸುಪಾಸು. ಎ56ಕ್ಕೆ 6 ವರ್ಷ, ವರ್ಷಕ್ಕೆ 7,000. ನಥಿಂಗ್‌ಗೆ ಹೊಸ ಆಂಡ್ರಾಯ್ಡ್ 3 ವರ್ಷ, ಸೆಕ್ಯುರಿಟಿ 6 ವರ್ಷ, ಸೆಕ್ಯುರಿಟಿ ಸಾಕು ಅನ್ನೋರಿಗೆ ವರ್ಷಕ್ಕೆ 4,200ರೊಳಗೆ ಮುಗೀತು, ಹೊಸ ಆಂಡ್ರಾಯ್ಡೇ ಬೇಕು ಅನ್ನೋರಿಗೆ 8,300 ದಾಟ್ತು, ಅಂದ್ರೆ ನಾಲ್ಕರಲ್ಲಿ ಅಗ್ಗದ ಫೋನೇ ಪಿಕ್ಸೆಲ್‌ಗಿಂತ ದುಬಾರಿ. ಆಪಲ್ ಫೋನ್ ತೋರಿಸೋ ದಿನ ವರ್ಷದ ಲೆಕ್ಕ ಹೇಳಲ್ಲ, ಆದ್ರೆ 2018ರ ಐಫೋನ್ ಎಕ್ಸ್‌ಆರ್‌ಗೆ 2024ರ ಐಓಎಸ್ 18 ಬಂದಿದ್ದು ನೋಡಿದ್ದೀವಿ, ಅವರ ಮಾತಿಗಿಂತ ಆ ಚರಿತ್ರೆನೇ ನಂಬಿಕೆಗೆ ಸಾಕು. ಈ ಲೆಕ್ಕಕ್ಕೆ ಮಧ್ಯದಲ್ಲಿ ಒಂದ್ಸಲ ಬ್ಯಾಟರಿ ಬದಲಾಯಿಸೋ ಖರ್ಚೂ ಸೇರಿಸ್ಕೊಳ್ಳಿ, ಆರೇಳು ವರ್ಷ ಒಂದೇ ಬ್ಯಾಟರೀಲಿ ಯಾವ ಫೋನೂ ಓಡಲ್ಲ.

ಈಗ ಅಪ್ಪನ ಊರಿಗೆ ಬರ್ತೀನಿ, ಹೇಳೋಕೆ ಜಾಸ್ತಿ ಇರೋದೇ ಅಲ್ಲಿ.

ಮಲೆನಾಡಲ್ಲಿ ಫೋನ್ ಆರಿಸೋರು ಮೊದಲು ನೋಡ್ಬೇಕಾದ್ದು ಬ್ಯಾಂಡು, ಅಂದ್ರೆ ಟವರ್ ಯಾವ ತರಂಗದಲ್ಲಿ ಮಾತಾಡುತ್ತೋ ಅದು ಫೋನಿಗೂ ಹಿಡಿಯುತ್ತಾ ಅನ್ನೋದು. ನಮ್ಮನೆ ಅಂಗಳದಲ್ಲಿ ಸಿಗೋದು ಬಿಎಸ್ಎನ್ಎಲ್ ಒಂದೇ, ಬೇರೆ ಕಂಪನಿ ಸಿಗ್ನಲ್ ಬೇಕಂದ್ರೆ ಗುಡ್ಡ ಹತ್ಬೇಕು. ಬಿಎಸ್ಎನ್ಎಲ್ 4ಜಿ ಓಡೋದು 700 ಮೆಗಾಹರ್ಟ್ಸ್ ಮತ್ತೆ 2100 ಮೆಗಾಹರ್ಟ್ಸಲ್ಲಿ, ಅಂದ್ರೆ ಬ್ಯಾಂಡ್ 28 ಮತ್ತೆ ಬ್ಯಾಂಡ್ 1. ಈ ಮೆಗಾಹರ್ಟ್ಸ್ ಸಂಖ್ಯೆ ಕಮ್ಮಿ ಆದಷ್ಟೂ ತರಂಗ ದೂರ ಹೋಗುತ್ತೆ, ಮರಗಿಡ ಗೋಡೆ ದಾಟಿ ಬರೋ ಶಕ್ತಿನೂ ಜಾಸ್ತಿ, ಹಾಗಾಗಿ ಕಾಡು, ಕಣಿವೆ ಇರೋ ಜಾಗಕ್ಕೆ 700 ಅನ್ನೋದು ದೊಡ್ಡ ವರ. ಪಟ್ಟಣಗಳಲ್ಲಿ ಜೋರಾಗಿ ಓಡೋ 5ಜಿ ಮುಖ್ಯವಾಗಿ 3300 ಮೆಗಾಹರ್ಟ್ಸಿಂದು, ಅದು ನಮ್ಮೂರ ತೋಟದ ಒಳಗೆ ಇಳಿಯೋ ಮಾತೇ ಇಲ್ಲ. ನಾಲ್ಕೂ ಫೋನಲ್ಲೂ ಬ್ಯಾಂಡ್ 28 ಇತ್ತು, ಸಮಾಧಾನ. ಆದ್ರೆ ಬ್ಯಾಂಡ್ ಇದ್ದ ಮಾತ್ರಕ್ಕೆ ಕಾಲ್ ಹೋಗುತ್ತೆ ಅಂತಿಲ್ಲ. 4ಜಿ ಮೇಲೆ ಮಾತಾಡೋಕೆ ವೋಲ್ಟಿ ಬೇಕು, ಅದು ಒಂದೊಂದು ಸಿಮ್ ಕಂಪನಿಗೂ ಫೋನ್ ತಯಾರಿಸೋರು ಸಾಫ್ಟ್‌ವೇರಲ್ಲಿ ಬೇರೆಬೇರೆಯಾಗಿ ತೆರೆದುಕೊಡ್ಬೇಕು, ಇಲ್ಲಾಂದ್ರೆ ಕಾಲ್ ಬಂದ ಕೂಡ್ಲೇ ಫೋನು 2ಜಿಗೋ 3ಜಿಗೋ ಇಳಿಯುತ್ತೆ, ಇಂಟರ್ನೆಟ್ ನಿಂತೋಗುತ್ತೆ. ಇದು ಯಾವ ಸ್ಪೆಕ್ ಶೀಟಲ್ಲೂ ಬರಲ್ಲ. ಇದಕ್ಕಿರೋದು ಒಂದೇ ದಾರಿ, ಬಿಎಸ್ಎನ್ಎಲ್ ಸಿಮ್ಮನ್ನ ಕೈಯಲ್ಲಿಟ್ಕೊಂಡು ಅಂಗಡಿಗೆ ಹೋಗೋದು, ಡೆಮೊ ಫೋನಿಗೆ ಹಾಕಿ ಕಾಲ್ ಮಾಡಿ ನೋಡ್ತೀನಿ ಅಂತ ಕೇಳೋದು. ಶಿವಮೊಗ್ಗದ ಅಂಗಡಿಯವರು ಬೇಡ ಅನ್ಲಿಲ್ಲ, ಅವರಿಗೂ ಮಲೆನಾಡಿನ ಗಿರಾಕಿಗಳು ಕೇಳೋದು ಇದನ್ನೇ ಅಂತೆ.

ಈ 4ಜಿ ಬಗ್ಗೆ ನಂಗೆ ಬೇರೇ ಒಂದು ಅಭಿಮಾನಾನೂ ಇದೆ. ಅದು ಟಿಸಿಎಸ್, ಸರ್ಕಾರದ ಸಿ-ಡಾಟ್, ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಸೇರಿ ಇಲ್ಲೇ ಕಟ್ಟಿದ ತಂತ್ರಜ್ಞಾನ, ಟವರ್ ಮೇಲಿನ ರೇಡಿಯೋ ಉಪಕರಣ ತೇಜಸ್‌ನೋರದ್ದು. 2025ರ ಸೆಪ್ಟೆಂಬರ್ 27ಕ್ಕೆ ದೇಶಕ್ಕೆಲ್ಲಾ ಅಧಿಕೃತವಾಗಿ ಉದ್ಘಾಟನೆ ಆಯ್ತು. ಸಾವಿರಾರು ರೂಪಾಯಿ ಫೋನಿನ ಚಿಪ್ಪಿನ ಬಗ್ಗೆ ಗಂಟೆಗಟ್ಲೆ ವಿಡಿಯೋ ಬರುತ್ತೆ, ಆ ಚಿಪ್ಪಿಗೆ ಜೀವ ಕೊಡೋ ಟವರ್ ಬಗ್ಗೆ ಒಂದು ನಿಮಿಷದ ವಿಡಿಯೋನೂ ಕಾಣ್ಸಲ್ಲ.

ಇನ್ನೊಂದು, ವೈಫೈ ಕಾಲಿಂಗು. ಈಗ ಮಲೆನಾಡಿನ ಎಷ್ಟೋ ಒಂಟಿ ಮನೆಗೂ ಫೈಬರ್ ಬಂದಿದೆ, ಟವರ್ ಸಿಗ್ನಲ್ ಇಲ್ದಿದ್ರೂ ಮನೆ ಒಳಗೆ ವೈಫೈ ಇರುತ್ತೆ. ಏರ್ಟೆಲ್ 2019ರ ಡಿಸೆಂಬರಲ್ಲಿ, ಜಿಯೋ 2020ರ ಜನವರೀಲಿ ವೈಫೈ ಮೇಲೆ ಮಾಮೂಲಿ ಕಾಲ್ ಮಾಡೋ ಸೌಲಭ್ಯ ಶುರು ಮಾಡಿದ್ರು, ಅಂದ್ರೆ ಎರಡನೇ ಸಿಮ್ ಆಗಿ ಅವುಗಳಲ್ಲಿ ಒಂದನ್ನ ಹಾಕಿಟ್ರೆ ಬ್ಯಾಂಕಿನ ಓಟಿಪಿನೂ ಬರುತ್ತೆ, ಕಾಲೂ ಬರುತ್ತೆ. ಆದ್ರೆ ಕರೆಂಟ್ ಹೋದ್ರೆ ರೂಟರ್ರೂ ಹೋಯ್ತು, ಅದಕ್ಕೊಂದು ಸಣ್ಣ ಯುಪಿಎಸ್ ಬೇಕೇ ಬೇಕು. ಫೋನಿನ ಬಜೆಟ್ ಹಾಕುವಾಗ ಆ ಯುಪಿಎಸ್ಸನ್ನೂ ಸೇರಿಸ್ಕೊಂಡೇ ಹಾಕಿದೆ. ಹಾಗೇ, ಸಿಗ್ನಲ್ ವೀಕ್ ಇರೋ ಕಡೆ ಫೋನು ಟವರಿಗೆ ತಲುಪೋಕೆ ಜಾಸ್ತಿ ಪವರ್ ಸುರೀತಾ ಇರುತ್ತೆ, ಹಾಗಾಗಿ ಬೆಂಗಳೂರಲ್ಲಿ ಒಂದೂವರೆ ದಿನ ಬರೋ ಬ್ಯಾಟರಿ ಅಲ್ಲಿ ಸಂಜೆಗೇ ಮುಗಿಯುತ್ತೆ. ರಿವ್ಯೂಗಳಲ್ಲಿ ಬರೆಯೋ ಬ್ಯಾಟರಿ ಗಂಟೆಗಳು ಒಳ್ಳೇ ವೈಫೈ ಇರೋ ರೂಮಲ್ಲಿ ಅಳೆದಿದ್ದು, ಅದನ್ನ ತೋಟಕ್ಕೆ ಅನ್ವಯ ಮಾಡೋಕಾಗಲ್ಲ.

ಮಳೆ ವಿಷಯ. ಆಗುಂಬೆ ನಮ್ಮ ತಾಲ್ಲೂಕಲ್ಲೇ ಇರೋದು, ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಜೂನಿಂದ ಸೆಪ್ಟೆಂಬರ್ ತನಕ ಅಪ್ಪನ ಅಂಗಿ ಜೇಬೇ ಒಣಗಿರಲ್ಲ, ಫೋನ್ ಎಲ್ಲಿಂದ ಒಣಗಿರುತ್ತೆ. ಹಾಗಾಗಿ ಧೂಳು, ನೀರು ಎಷ್ಟು ತಡೆಯುತ್ತೆ ಅಂತ ಹೇಳೋ ಐಪಿ ರೇಟಿಂಗ್ ಅನ್ನೋದು ಬೆಂಗಳೂರಲ್ಲಿ ಇದ್ರೆ ಒಳ್ಳೇದು ಅನ್ನೋ ವಿಷಯ ಆದ್ರೆ ಅಲ್ಲಿ ಅದಿಲ್ದೇ ಮುಂದಿನ ಮಾತೇ ಇಲ್ಲ. ನಥಿಂಗ್ 3ಎ ಐಪಿ64, ಅಂದ್ರೆ ನೀರು ಚಿಮ್ಮಿದ್ರೆ ತಡೆಯುತ್ತೆ, ಮುಳುಗಿದ್ರೆ ಭರವಸೆ ಇಲ್ಲ. ಎ56 ಐಪಿ67, ಒಂದು ಮೀಟರ್ ಆಳದ ಸಿಹಿನೀರಲ್ಲಿ 30 ನಿಮಿಷ. ಪಿಕ್ಸೆಲ್ ಮತ್ತೆ ಐಫೋನ್ ಐಪಿ68. ಈ ಪರೀಕ್ಷೆ ಎಲ್ಲಾ ಹೊಸ ಫೋನಿಗೆ, ಶುದ್ಧ ನೀರಲ್ಲಿ ಮಾಡಿದ್ದು ಅನ್ನೋದು ನೆನಪಿರ್ಲಿ. ನಮ್ಮಲ್ಲಿ ಮಳೆಗಾಲ ಅಂದ್ರೆ ಅಡಿಕೆಗೆ ಬೋರ್ಡೋ ಹೊಡಿಯೋ ಕಾಲ, ಮೈಲುತುತ್ತ ಸುಣ್ಣದ ದ್ರಾವಣ ಮೈಮೇಲೆಲ್ಲಾ ಬೀಳುತ್ತೆ, ಅದು ಯಾವ ಐಪಿ ಪರೀಕ್ಷೇಲೂ ಇಲ್ಲ. ನೀರಿಂದ ಹಾಳಾದ್ರೆ ವಾರಂಟಿನೂ ಸಾಮಾನ್ಯವಾಗಿ ಕೊಡಲ್ಲ. ಆದ್ರೂ 64ಕ್ಕೂ 67ಕ್ಕೂ ಮಧ್ಯೆ ಒಂದು ಫೋನಿನ ಆಯಸ್ಸೇ ಇದೆ ಅಂತ ನಂಗನ್ಸುತ್ತೆ.

ಮಳೆಗೂ ಚಾರ್ಜಿಂಗ್‌ಗೂ ಸಂಬಂಧ ಇದೆ, ಅದು ಯಾರೂ ಹೇಳಲ್ಲ. ಚಾರ್ಜಿಂಗ್ ಪೋರ್ಟಲ್ಲಿ ತೇವ ಇದ್ರೆ ಈಗಿನ ಫೋನು ಚಾರ್ಜ್ ತಗೊಳ್ಳೋದೇ ಇಲ್ಲ, ಒಣಗೋ ತನಕ ಎಚ್ಚರಿಕೆ ತೋರಿಸ್ತಾ ಕೂರುತ್ತೆ, ಆಷಾಢದಲ್ಲಿ ಒಣಗೋದು ಅಂದ್ರೆ ಎಷ್ಟೊತ್ತಾಗುತ್ತೆ ಅಂತ ಮಲೆನಾಡಿನೋರಿಗೆ ಹೇಳೋದು ಬೇಡ. ವೈರ್‌ಲೆಸ್ ಚಾರ್ಜಿಂಗ್ ಇದ್ರೆ ಅಲ್ಲಿ ನಿಜವಾಗ್ಲೂ ಉಪಯೋಗ, ಪಿಕ್ಸೆಲ್ 9ಎಲೂ ಐಫೋನಲ್ಲೂ ಇದೆ, ಬಾಕಿ ಎರಡರಲ್ಲಿ ಇಲ್ಲ. ಆದ್ರೆ ಇನ್ನೊಂದು ಕಡೆ ನೋಡಿ, ಮಳೆಗಾಲದಲ್ಲಿ ಕರೆಂಟ್ ಬರೋದೇ ಸ್ವಲ್ಪ ಹೊತ್ತು, ಮರ ಬಿದ್ದು ಲೈನ್ ಹೋದ್ರೆ ಕೆಲವೊಮ್ಮೆ ಎರಡು ದಿನ. ಬಂದಿದ್ದ ಅರ್ಧ ಗಂಟೇಲಿ ಎಷ್ಟು ತುಂಬ್ಕೊಳ್ಳುತ್ತೆ ಅನ್ನೋದೇ ಲೆಕ್ಕ. ಎ56ದು 45 ವ್ಯಾಟ್, ನಥಿಂಗ್‌ದು 50, ಎರಡೂ ಅರ್ಧ ಗಂಟೇಲಿ ಅರ್ಧಕ್ಕಿಂತ ಜಾಸ್ತಿ ತುಂಬ್ಕೊಳ್ಳುತ್ತವೆ. ಪಿಕ್ಸೆಲ್‌ದು 23 ವ್ಯಾಟ್, ಪೂರ್ತಿ ಆಗೋಕೆ ಒಂದೂವರೆ ಗಂಟೆ ದಾಟುತ್ತೆ. ಬೆಂಗಳೂರಲ್ಲಿ ರಾತ್ರಿ ಸಿಕ್ಸಿ ಮಲಗೋ ನಂಗೆ 23 ವ್ಯಾಟ್ ಯಾವ ತೊಂದ್ರೆನೂ ಅಲ್ಲ. ಅದೇ ಸಾಲು, ಅದೇ ಸಂಖ್ಯೆ, ಅಪ್ಪಂಗೆ ಬೇಡ, ನಂಗೆ ಪರವಾಗಿಲ್ಲ.

ಕ್ಯಾಮೆರಾನ ಎಲ್ಲಾರೂ ಊಟದ ಫೋಟೋ, ಸೆಲ್ಫಿ, ರಾತ್ರಿ ರಸ್ತೆ ತೆಗೆದು ಹೋಲಿಸ್ತಾರೆ. ಅಪ್ಪ ಜಾಸ್ತಿ ತೆಗೆಯೋದು ಎರಡೇ ತರದ ಫೋಟೋ. ಒಂದು, ಎಲೆಚುಕ್ಕೆ ರೋಗ ಬಂದಿರೋ ಅಡಿಕೆ ಸೋಗೆದು, ಕೃಷಿ ವಿಜ್ಞಾನಿಗಳಿಗೆ ವಾಟ್ಸಾಪಲ್ಲಿ ಕಳ್ಸೋಕೆ, ಅದ್ರಲ್ಲಿ ಚುಕ್ಕೆ ಅಂಚಿನ ಹಳದಿ ಬಣ್ಣ ಕೂಡ ಸ್ಪಷ್ಟ ಕಾಣ್ಬೇಕು. ಇನ್ನೊಂದು, ನಲವತ್ತು ಐವತ್ತು ಅಡಿ ಮೇಲಿರೋ ಗೊನೇದು, ಕೊಳೆ ಶುರುವಾಗಿದ್ಯಾ ಅಂತ ಕೆಳಗಿಂದಾನೇ ನೋಡೋಕೆ. ಮೊದಲನೇದಕ್ಕೆ ಹತ್ತಿರದ ಫೋಕಸ್ ಬೇಕು, ಎರಡನೇದಕ್ಕೆ ಜೂಮ್. ಪಿಕ್ಸೆಲ್ 9ಎಲಿ ಮ್ಯಾಕ್ರೋ ಫೋಕಸ್ ಇದೆ, ಆ ಎ ಸರಣಿಗೆ ಅದು ಮೊದಲ ಸಲ ಬಂದಿದ್ದು. ಐಫೋನ್ 16ಇಗೆ ಹಿಂದೆ ಇರೋದೇ ಒಂದು ಕ್ಯಾಮೆರಾ, ಮ್ಯಾಕ್ರೋ ಇಲ್ಲ. ನಥಿಂಗ್ 3ಎಲಿ 50 ಮೆಗಾಪಿಕ್ಸೆಲಿನ 2ಎಕ್ಸ್ ಟೆಲಿಫೋಟೋ ಇದೆ, ಇಪ್ಪತ್ತೈದು ಸಾವಿರದ ಫೋನಲ್ಲಿ ಅದು ಇರೋದು ದೊಡ್ಡ ವಿಷಯ, ಗೊನೆ ನೋಡೋಕೆ ಅದೇ ಚೆನ್ನ, ನಾನದನ್ನ ಒಪ್ಕೊಂಡೇ ಬೇರೆ ಕಾರಣಕ್ಕೆ ಬಿಟ್ಟಿದ್ದು. ಸ್ಯಾಮ್ಸಂಗಿನ 5 ಮೆಗಾಪಿಕ್ಸೆಲ್ ಮ್ಯಾಕ್ರೋ ಲೆನ್ಸ್ ಹೆಸರಿಗಷ್ಟೇ, ಅದಕ್ಕಿಂತ ಮುಖ್ಯ ಕ್ಯಾಮೆರಾದಲ್ಲಿ ಒಂದಡಿ ದೂರ ನಿಂತು 2ಎಕ್ಸ್ ಮಾಡಿ ತೆಗೆದ್ರೆ ಎಲೆ ಚೆನ್ನಾಗಿ ಬರುತ್ತೆ, ಅಂಗಡಿ ಮುಂದಿನ ಗಿಡದ ಎಲೆ ಮೇಲೇ ಹೀಗೆ ತೆಗೆದು ನೋಡಿದ್ದು.

ಕನ್ನಡದ ವಿಷಯಕ್ಕೆ ಬರ್ತೀನಿ, ಇದ್ರಲ್ಲಿ ನಂಗೆ ಸಿಟ್ಟೂ ಇದೆ, ಆಸೆನೂ ಇದೆ. ಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ತೆರೆದ್ರೆ ಬರೀ ಡಬ್ಬಿ ಡಬ್ಬಿ ಕಾಣ್ತಿದ್ದ ಕಾಲ ನೋಡಿದೋರು ನಾವು, ಆ ಲೆಕ್ಕದಲ್ಲಿ ಈಗ ಸ್ವರ್ಗ. ಅಪ್ಪನ ಫೋನು ಪೂರ್ತಿ ಕನ್ನಡದಲ್ಲೇ ಇರುತ್ತೆ, ಅಕ್ಷರ ಎಷ್ಟು ದೊಡ್ಡದಾಗುತ್ತೋ ಅಷ್ಟು ದೊಡ್ಡದು. ಅಲ್ಲೇ ಸಮಸ್ಯೆ ಶುರು. ಬಟನ್ನು, ಮೆನು ಎಲ್ಲಾ ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳತೆ ಮಾಡಿ ಮಾಡಿರ್ತಾರೆ, ನಮ್ಮ ಒತ್ತಕ್ಷರ ಕೆಳಗಿಳಿಯುತ್ತಲ್ಲ, ರಾಷ್ಟ್ರ, ಲಕ್ಷ್ಮಿ ಇಂಥ ಕಡೆ ಕೆಳಗಿನ ಒತ್ತು ಅರ್ಧ ಕತ್ತರಿಸಿ ಹೋಗುತ್ತೆ, ಓದುವಾಗ ಬೇರೇನೋ ಆಗುತ್ತೆ. ಹಾಗಾಗಿ ಅಂಗಡೀಲಿ ಡೆಮೊ ಫೋನ್ ಕೈಗೆ ತಗೊಂಡ್ರೆ ನಾನು ಮೊದಲು ಮಾಡೋದು ಭಾಷೆ ಕನ್ನಡಕ್ಕೆ ಬದಲಾಯಿಸಿ, ಅಕ್ಷರ ಗರಿಷ್ಠಕ್ಕೆ ಎಳೆದು, ಸೆಟ್ಟಿಂಗ್ಸ್, ಮೆಸೇಜು, ಕಾಲ್ ಬರೋ ಸ್ಕ್ರೀನು ಎಲ್ಲಾ ತೆರೆದು ನೋಡೋದು. ಒಂದು ಐದು ನಿಮಿಷದ ಕೆಲಸ, ಆ ಐದು ನಿಮಿಷ ಕೊಟ್ಟಷ್ಟು ಮಾಹಿತಿ ಯಾವ ರಿವ್ಯೂನೂ ಕೊಡಲ್ಲ. ಹಾಗೆ ನೋಡಿದ್ರಲ್ಲಿ ಸ್ಯಾಮ್ಸಂಗಿನ ಪರದೆ ಅಪ್ಪನ ಕಣ್ಣಿಗೆ ಹಿಡಿಸ್ತು, 6.7 ಇಂಚಲ್ಲಿ ದೊಡ್ಡಕ್ಷರ ಇದ್ರೂ ಸಾಲಿಗೆ ನಾಲ್ಕು ಪದ ಕೂರುತ್ತೆ. ಪಿಕ್ಸೆಲ್‌ದು 6.3 ಇಂಚು, ಅಷ್ಟು ದೊಡ್ಡಕ್ಷರಕ್ಕೆ ಅದು ಸಾಲಲ್ಲ.

ಮತ್ತೆ ಈ ಎಐ. 2025ರಲ್ಲಿ ಬಂದ ಫೋನುಗಳಲ್ಲಿ ಡಬ್ಬದ ಮೇಲೆ ದೊಡ್ಡದಾಗಿ ಬರೆದಿದ್ದೇ ಅದು. ಸ್ಯಾಮ್ಸಂಗಿನ ಗ್ಯಾಲಕ್ಸಿ ಎಐ ಭಾಷೆಗಳ ಪಟ್ಟೀಲಿ ಆಗ ಹಿಂದಿ ಇತ್ತು, ಕನ್ನಡ ಇರ್ಲಿಲ್ಲ. ಆಪಲ್ ಇಂಟೆಲಿಜೆನ್ಸ್ ಆ ವಸಂತದಲ್ಲಿ ಭಾರತದ ಇಂಗ್ಲಿಷಿಗೆ ಬಂತು, ಕನ್ನಡಕ್ಕೆ ಬರ್ಲಿಲ್ಲ. ಅಂದ್ರೆ ಯಾವುದಕ್ಕೆ ಅಂತ ಹೆಚ್ಚು ದುಡ್ಡು ಕೇಳ್ತಿದ್ರೋ ಅದು ಅಪ್ಪನ ಭಾಷೇಲಿ ಮಾತೇ ಆಡ್ತಿರ್ಲಿಲ್ಲ. ಅದೇ ಜಿಮೇಲ್ ಇರೋ ಯಾವ ಆಂಡ್ರಾಯ್ಡಲ್ಲೂ ಜಿಬೋರ್ಡ್ ಹಾಕ್ಕೊಂಡು ಕನ್ನಡದಲ್ಲಿ ಮಾತಾಡಿ ಟೈಪ್ ಮಾಡ್ಬಹುದು, ಜೆಮಿನಿ ಆ್ಯಪ್ 2024ರ ಜೂನಲ್ಲಿ ಇಲ್ಲಿಗೆ ಬಂದಾಗ್ಲೇ ಕನ್ನಡವೂ ಸೇರಿ ಒಂಬತ್ತು ಭಾರತೀಯ ಭಾಷೆ ಇತ್ತು, ಅದಕ್ಕೆ ಐವತ್ತು ಸಾವಿರದ ಫೋನ್ ಬೇಕಾಗಿಲ್ಲ. ಹಾಗಾಗಿ ಅಪ್ಪನ ಲೆಕ್ಕದಿಂದ ಎಐ ಸಾಲನ್ನೇ ಪೂರ್ತಿ ಹೊಡೆದು ಹಾಕಿದೆ. ಕನ್ನಡಿಗರು ಫೋನ್ ಹೋಲಿಸುವಾಗ ಈ ಪ್ರಶ್ನೆ ಮೊದಲು ಕೇಳ್ಬೇಕು ಅಂತ ನಂಗೆ ತುಂಬಾ ಗಟ್ಟಿಯಾಗಿ ಅನ್ಸುತ್ತೆ, ಈ ಫೀಚರ್ರು ನನ್ನ ಭಾಷೇಲಿ ಇದ್ಯಾ? ಇಲ್ಲಾಂದ್ರೆ ಅದಕ್ಕೆ ನನ್ನ ಪಾಲಿಗೆ ಬೆಲೆ ಸೊನ್ನೆ. ನಾವು ಕೇಳ್ತಾ ಇದ್ರೇನೇ ಅವರೂ ಕೊಡೋದು.

ಬೆರಳಚ್ಚಿನ ಬಗ್ಗೆ ಒಂದು ಮಾತು. ಅಡಿಕೆ ಸುಲಿದು, ಕತ್ತಿ ಹಿಡಿದು ಸವೆದ ಬೆರಳಿನ ಗೆರೆ ಪರದೆ ಒಳಗಿನ ಸೆನ್ಸರಿಗೆ ಕಾಣೋದೇ ಕಷ್ಟ, ಆಧಾರ್ ಬೆರಳಚ್ಚು ಕೂಡ ಎಷ್ಟೋ ರೈತರಿಗೆ ಹಿಡಿಯಲ್ಲ ಅನ್ನೋದು ಎಲ್ಲಾರಿಗೂ ಗೊತ್ತಿರೋದೇ. ಅಪ್ಪಂಗೆ ಪಿನ್ನೇ ಗತಿ, ಅದಕ್ಕೆ ಆ ಸಾಲೂ ಹೋಯ್ತು.

ಐಫೋನ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. 2017ರಲ್ಲಿ ಭಾರತದಲ್ಲಿ ಮೊದಲ ಐಫೋನ್ ಜೋಡಿಸಿದ್ದೇ ನಮ್ಮ ಪೀಣ್ಯದಲ್ಲಿ, ಐಫೋನ್ ಎಸ್ಇ ಅದು, ವಿಸ್ಟ್ರಾನ್‌ನೋರು ಮಾಡಿದ್ದು, ಆಮೇಲೆ ಕೋಲಾರದ ನರಸಾಪುರದ ಕಾರ್ಖಾನೆ, ಈಗ ಅದು ಟಾಟಾದವರದ್ದು, ದೇವನಹಳ್ಳಿ ಹತ್ರ ಫಾಕ್ಸ್‌ಕಾನ್. ನಮ್ಮ ಹೆಣ್ಮಕ್ಕಳ ಕೈಯಲ್ಲಿ ಜೋಡಣೆ ಆಗೋ ಫೋನು ಅಂತ ಅದ್ರ ಮೇಲೆ ಒಂದು ಪ್ರೀತಿ ಇದೆ. ಆದ್ರೆ 59,900ಕ್ಕೆ ಸೆಕೆಂಡಿಗೆ 60 ಸಲವಷ್ಟೇ ಚಿತ್ರ ಬದಲಾಗೋ 60 ಹರ್ಟ್ಸ್ ಪರದೆ, 128 ಜಿಬಿ, ಒಂದು ಕ್ಯಾಮೆರಾ ಅಂದಾಗ ನನ್ನ ಪಟ್ಟಿಯಿಂದ ಅದು ಮೊದಲನೇ ವಾರವೇ ಇಳೀತು, ಅಪ್ಪನ ಪಟ್ಟೀಲಿ ಅದು ಇರ್ಲೇ ಇಲ್ಲ.

ಕೊನೆಗೆ ಅಪ್ಪಂಗೆ ತಗೊಂಡಿದ್ದು ಈ ನಾಲ್ಕರಲ್ಲಿ ಒಂದೂ ಅಲ್ಲ. ಎ56 ಜೊತೇಲೇ ಅದೇ ದಿನ ಸ್ಯಾಮ್ಸಂಗ್ ಎ36 ಅಂತ ಒಂದು ಬಿಟ್ಟಿದ್ರು, 32,999 ರೂಪಾಯಿ. ಅದ್ರ ಬಗ್ಗೆ ಬರುವ ಮುಂಚೆ ಯಾರೂ ಅಷ್ಟಾಗಿ ಮಾತಾಡಿರ್ಲಿಲ್ಲ, ಚಿಪ್ಪು ಸ್ನ್ಯಾಪ್‌ಡ್ರಾಗನ್ 6 ಜೆನ್ 3, ಗೇಮ್ ಆಡೋರಿಗೆ ಹಿಡಿಸೋದಲ್ಲ. ಆದ್ರೆ ಐಪಿ67 ಇದೆ, 45 ವ್ಯಾಟ್ ಇದೆ, 5,000 ಎಂಎಎಚ್, ಅದೇ 6.7 ಇಂಚು, ಅದೇ 6 ವರ್ಷದ ಅಪ್ಡೇಟ್. ವರ್ಷಕ್ಕೆ 5,500 ರೂಪಾಯಿ. ಎ56ಕ್ಕೆ ಕೊಡೋ ಇನ್ನೊಂಬತ್ತು ಸಾವಿರದಲ್ಲಿ ಸಿಗೋದು ಜೋರಾದ ಚಿಪ್ಪು, ಲೋಹದ ಅಂಚು, ಒಳ್ಳೇ ವೈಡ್ ಕ್ಯಾಮೆರಾ, ಅಪ್ಪನ ದಿನಚರಿಗೆ ಇದ್ಯಾವ್ದೂ ತಾಗಲ್ಲ. ಶಿವಮೊಗ್ಗದಲ್ಲಿ ಸರ್ವಿಸ್ ಸೆಂಟರ್ ಇದೆ, ಅಡಿಕೆ ಮಂಡಿಗೆ ಅಂತ ಅಪ್ಪ ಹೇಗೂ ಅಲ್ಲಿಗೆ ಹೋಗ್ತಾನೇ ಇರ್ತಾರೆ, ಗ್ಲಾಸ್ ಒಡೆದ್ರೆ ಕೊರಿಯರ್ ಮಾಡಿ ಕಾಯೋ ತಲೆನೋವಿಲ್ಲ. ಸಿಮ್ ಹಾಕಿ ನೋಡಿದಾಗ ಕಾಲೂ ಹೋಯ್ತು. ಮಳೆಗಾಲ ಪೂರ್ತಿ ಜೇಬಲ್ಲೇ ಇತ್ತು, ನೆಟ್ಟಗಿದೆ. ಒದ್ದೆ ಕೈಗೆ ಟಚ್ ಸರಿಯಾಗಿ ಕೇಳಲ್ಲ ಅನ್ನೋ ದೂರು ಇದೆ, ಅದು ಇಂಥ ಎಲ್ಲಾ ಪರದೆಗೂ ಇರೋದೇ, ಕಾಲ್ ತಗೊಳ್ಳೋದನ್ನ ವಾಲ್ಯೂಮ್ ಬಟನ್ನಿಗೆ ಹೊಂದಿಸಿಕೊಟ್ಟಿದ್ದೀನಿ, ಫೋನ್ ಆ್ಯಪಿನ ಸೆಟ್ಟಿಂಗ್ಸಲ್ಲೇ ಸಿಗುತ್ತೆ.

ನಂಗೆ ಪಿಕ್ಸೆಲ್ 9ಎ. 186 ಗ್ರಾಮು, ಒಂದು ಕೈಯಲ್ಲಿ ಹಿಡಿದು ಮೆಟ್ರೋಲಿ ನಿಂತು ಓದೋಕಾಗುತ್ತೆ, 256 ಜಿಬಿ, 7 ವರ್ಷ, ಮಕ್ಕಳು ಓಡಾಡ್ತಿರುವಾಗ ತೆಗೆದ್ರೂ ಫೋಟೋ ಅಲುಗಾಡಲ್ಲ, ರಿಪೇರಿ ಬೆಂಗಳೂರಲ್ಲೇ ಇದೆ. ಅದ್ರಲ್ಲಿ ನಾನು ತುಂಬಾ ಯೋಚನೆ ಮಾಡಿದ್ದು ಒಂದೇ ವಿಷಯಕ್ಕೆ, ಬ್ಯಾಟರಿ. 200 ಚಾರ್ಜ್ ಸುತ್ತು (ಬ್ಯಾಟರಿ ಪೂರ್ತಿ ಒಂದು ಸಲ ಖಾಲಿಯಾಗಿ ತುಂಬೋವಷ್ಟು ಬಳಕೆ ಅಂದ್ರೆ ಒಂದು ಸುತ್ತು) ಮುಗಿದ್ಮೇಲೆ ಗೂಗಲ್ ಬ್ಯಾಟರಿಯ ಗರಿಷ್ಠ ವೋಲ್ಟೇಜನ್ನ ಹಂತಹಂತವಾಗಿ ಇಳಿಸ್ತಾ ಹೋಗುತ್ತೆ, 1000 ಸುತ್ತಿನ ತನಕ, ಅದನ್ನ ಆಫ್ ಮಾಡೋಕೂ ಬಿಡಲ್ಲ. ಅಂದ್ರೆ ಹೊಸತರಲ್ಲಿ 5,100 ಎಂಎಎಚ್ ಅಂತ ನೋಡಿದ್ದು ವರ್ಷ ಕಳೆದ್ಮೇಲೆ ಅಷ್ಟೇ ಇರಲ್ಲ. ಬ್ಯಾಟರಿಯ ಕ್ಷೇಮಕ್ಕೆ ಅಂತ ಅವರ ಮಾತು, ಇರಬಹುದು, ಆದ್ರೆ 7 ವರ್ಷ ಅಂತ ಜಾಹೀರಾತು ಮಾಡೋರು ಇದನ್ನೂ ಅಷ್ಟೇ ದೊಡ್ಡಕ್ಷರದಲ್ಲಿ ಹೇಳ್ಬೇಕಿತ್ತು. ಮೂರನೇ ವರ್ಷಕ್ಕೆ ಬ್ಯಾಟರಿ ಬದಲಾವಣೆಗೆ ಅಂತ ದುಡ್ಡು ಎತ್ತಿಡೋದು ಅಂತ ನಿರ್ಧಾರ ಮಾಡ್ಕೊಂಡೇ ತಗೊಂಡೆ.

ಈ ತರದ ವಿಷಯ ತಿಳ್ಕೊಳ್ಳೋಕೆ ಈಗೊಂದು ಒಳ್ಳೇ ದಾರಿ ಆಗಿದೆ. ಯುರೋಪಲ್ಲಿ 2025ರ ಜೂನ್ 20ರಿಂದ ಪ್ರತಿ ಹೊಸ ಫೋನಿಗೂ ಲೇಬಲ್ ಹಾಕ್ಲೇಬೇಕು, ನಮ್ಮ ಫ್ರಿಜ್ ಮೇಲಿನ ಸ್ಟಾರ್ ಲೇಬಲ್ ತರಾನೇ. ಒಂದು ಚಾರ್ಜಿಗೆ ಎಷ್ಟು ಗಂಟೆ, ಬ್ಯಾಟರಿ ಎಷ್ಟು ಸುತ್ತು ಬಾಳುತ್ತೆ, ಬಿದ್ರೆ ಎಷ್ಟು ತಡೆಯುತ್ತೆ, ರಿಪೇರಿ ಎಷ್ಟು ಸುಲಭ, ಎಲ್ಲಾ ಅದ್ರಲ್ಲಿರುತ್ತೆ. ಕನಿಷ್ಠ 800 ಸುತ್ತು ಆದ್ಮೇಲೂ ಬ್ಯಾಟರೀಲಿ 80 ಪರ್ಸೆಂಟ್ ಉಳೀಬೇಕು ಅನ್ನೋ ನಿಯಮಾನೂ ಇದೆ. ಆ ಮಾಹಿತಿ ಇಪಿಆರ್‌ಇಎಲ್ ಅನ್ನೋ ಸರ್ಕಾರಿ ಡೇಟಾಬೇಸಲ್ಲಿ ಯಾರು ಬೇಕಾದ್ರೂ ನೋಡ್ಬಹುದು, ಇಲ್ಲಿ ಕೂತು ನಾವೂ ನೋಡ್ಬಹುದು, ಇಲ್ಲಿ ಮಾರೋ ಮಾಡೆಲ್ಲಿನ ಬ್ಯಾಟರಿ ಬೇರೆ ಇರೋ ಸಾಧ್ಯತೆ ಇರುತ್ತೆ ಅನ್ನೋದಷ್ಟು ನೆನಪಿಟ್ಕೊಂಡು ನೋಡ್ಬೇಕು. ಮುಂದಿನ ಸಲ ಬರೋ ಫೋನ್ ಹೋಲಿಸುವಾಗ ನಾನು ಲೀಕ್ ವಿಡಿಯೋಗಳಿಗೆ ಕೊಡೋ ಟೈಮಿನ ಬದಲು ಅಲ್ಲಿಗೇ ಹೋಗೋದು. ನಮ್ಮಲ್ಲೂ ಇಂಥ ಲೇಬಲ್ ಬರ್ಬೇಕು, ಅದಕ್ಕೆ ಬ್ಯಾಂಡು, ವೋಲ್ಟಿ ಸಾಲನ್ನೂ ಸೇರಿಸ್ಬೇಕು.

ತಗೊಳ್ಳೋ ದಿನದ ಬೆಲೆ ಬಗ್ಗೆ ಎರಡು ಮಾತು. ಬ್ಯಾಂಕ್ ಕಾರ್ಡ್ ಆಫರ್, ಎಕ್ಸ್‌ಚೇಂಜ್ ಬೋನಸ್ ಎಲ್ಲಾ ಸೇರಿಸಿ ಬರೆಯೋ ಬೆಲೇನ ಹೋಲಿಕೇಲಿ ಇಟ್ಕೋಬೇಡಿ, ನಿಮ್ಮ ಹತ್ರ ಆ ಕಾರ್ಡ್ ಇದ್ಯಾ, ಹಳೇ ಫೋನ್ ನಿಜವಾಗ್ಲೂ ಕೊಡ್ತೀರಾ ನೋಡಿ. ನೋ ಕಾಸ್ಟ್ ಇಎಂಐ ಅಂದ್ರೂ ಬಡ್ಡಿ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ನಿಮ್ಮ ಕೈಯಿಂದ್ಲೇ ಹೋಗುತ್ತೆ. ಎ36, 9ಎ ಎರಡರ ಡಬ್ಬದಲ್ಲೂ ಚಾರ್ಜರ್ ಇರಲ್ಲ. ಎ36ಗೆ 45 ವ್ಯಾಟ್ ಪೂರ್ತಿ ಸಿಗ್ಬೇಕಂದ್ರೆ ಪಿಪಿಎಸ್ ಅಂತ ಬರೆದಿರೋ ಯುಎಸ್‌ಬಿ ಸಿ ಚಾರ್ಜರ್ರೇ ಬೇಕು, ಜೊತೆಗೆ 5 ಆಂಪಿಯರ್ ಕೇಬಲ್ಲು, ಬೇರೆ ಕಂಪನಿ ಫೋನಿನ ಜೊತೆ ಬಂದಿರೋ 80 ವ್ಯಾಟಿಂದು ಹಾಕಿದ್ರೆ ತುಂಬಾ ನಿಧಾನಕ್ಕೆ ಏರೋದುಂಟು. ಅಪ್ಪಂಗೆ ಅಂಥದ್ದೇ ಒಂದು ಕೊಡ್ಸಿದೆ, ಅದೇ ಚಾರ್ಜರ್ ನಾನು ಊರಿಗೆ ಹೋದಾಗ ನನ್ನ ಪಿಕ್ಸೆಲ್‌ಗೂ ನಡೆಯುತ್ತೆ.